ಅಂಬಾಸಿಡರ್ ಮತ್ತು ಫಿಯಟ್

1960ರ ದಶಕದ ನಡುವಿನಿಂದ ಸುಮಾರು ಎರಡು ದಶಕ ಕಾಲ ಭಾರತದಲ್ಲಿ ಕಾರು ಕೊಳ್ಳುವವರಿಗೆ ಇದ್ದ ಆಯ್ಕೆ ಬಹುಮಟ್ಟಿಗೆ ಎರಡೇ: ಅಂಬಾಸಿಡರ್, ಇಲ್ಲವೇ ಫಿಯಟ್. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತಾದರೂ ಅದರ ಪಾಲು ಸಣ್ಣದು.

ಎರಡೂ ಪರದೇಶದ ಮೂಲದವು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸರಣಿ ಮೂರನ್ನು ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ಅಂಬಾಸಿಡರ್ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. ಇಟಲಿಯ ಫಿಯಟ್ 1100 ಡಿ, 1964ರಿಂದ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿಂದ ಹೊರಬಂತು. ಮುಂದೆ 1970ರ ದಶಕದಲ್ಲಿ ಅದು ಪ್ರೀಮಿಯರ್ ಪದ್ಮಿನಿಯಾಯಿತು. ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ಫಿಯಟ್ಟೇ.

ಅಂಬಾಸಿಡರಿನ ಎಂಜಿನ್ 1489 ಸಿಸಿ, ಶಕ್ತಿ ಸುಮಾರು 50 ಅಶ್ವಶಕ್ತಿ. ಫಿಯಟ್ಟಿನದು 1089 ಸಿಸಿ, ಸುಮಾರು 40 ಅಶ್ವಶಕ್ತಿ. ಇಷ್ಟನ್ನೇ ನೋಡಿದರೆ ಅಂಬಾಸಿಡರ್ ಮುಂದೆ. ಆದರೆ ಅದರ ತೂಕ 1100 ಕಿಲೋ ಮೀರಿತ್ತು, ಫಿಯಟ್ 900 ಕಿಲೋ ಒಳಗೇ ಇತ್ತು. ಟನ್ನಿಗೆ ಲೆಕ್ಕ ಹಾಕಿದರೆ ಎರಡಕ್ಕೂ ಸಿಗುವುದು ಹೆಚ್ಚುಕಡಿಮೆ 45 ಅಶ್ವಶಕ್ತಿ. ಫಿಯಟ್ಟಿನದು ದುರ್ಬಲ ಎಂಜಿನ್ ಎಂಬ ಮಾತು ಹಾಗಾಗಿ ಅಷ್ಟು ನ್ಯಾಯವಲ್ಲ.

ನಿಜವಾದ ವ್ಯತ್ಯಾಸ ಸಿಲಿಂಡರಿನೊಳಗಿತ್ತು. ಅಂಬಾಸಿಡರಿನ ಸಿಲಿಂಡರಿನ ಒಳವ್ಯಾಸ 73 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ, ಅಂದರೆ ಸ್ಟ್ರೋಕು, ಸುಮಾರು 89. ಫಿಯಟ್ಟಿನಲ್ಲಿ ಇವು 68 ಮತ್ತು 75. ಹೆಚ್ಚಿನ ಗಾತ್ರ ಮತ್ತು ಉದ್ದನೆಯ ಸ್ಟ್ರೋಕಿನಿಂದಾಗಿ ಅಂಬಾಸಿಡರ್ ಕಡಿಮೆ ವೇಗದಲ್ಲೂ ಭಾರ ಎಳೆಯುತ್ತಿತ್ತು. ಏಳೆಂಟು ಜನ ಕೂತು, ಮೇಲೆ ಸಾಮಾನು ಕಟ್ಟಿದ್ದರೂ ಘಟ್ಟ ಹತ್ತುತ್ತಿತ್ತು. ಮಲೆನಾಡು, ಕರಾವಳಿಯ ಟ್ಯಾಕ್ಸಿಯವರಿಗೆ ಅದು ಮೆಚ್ಚುಗೆಯಾದದ್ದರಲ್ಲಿ ಆಶ್ಚರ್ಯವಿಲ್ಲ. ಡೀಸೆಲ್ ಎಂಜಿನ್ ಬಂದ ಮೇಲಂತೂ ಖರ್ಚಿನ ಲೆಕ್ಕವೂ ಅದರ ಪರವಾಯಿತು. ಫಿಯಟ್ಟಿನ ಎಂಜಿನ್ ಚುರುಕು ತೋರಿಸಬೇಕಾದರೆ ಅದನ್ನು ಹೆಚ್ಚು ಸುತ್ತು ತಿರುಗಿಸಬೇಕಿತ್ತು. ಹಾಗೆ ಓಡಿಸಬಲ್ಲವರ ಕೈಯಲ್ಲಿ ಅದು ಹಗುರವಾಗಿ ತಿರುಗುವ, ಪೆಟ್ರೋಲ್ ಕಡಿಮೆ ಕುಡಿಯುವ ಕಾರು.

ಎರಡರಲ್ಲೂ ನಾಲ್ಕು ಗೇರು, ಗೇರಿನ ಹಿಡಿ ಸ್ಟಿಯರಿಂಗ್ ಬುಡದಲ್ಲಿ. ಹಿಂದೆ ಪಟ್ಟಿ ಸ್ಪ್ರಿಂಗು. ಮುಂದೆ ಮಾತ್ರ ಅಂಬಾಸಿಡರಿಗೆ ತಿರುಚು ಸರಳು, ಫಿಯಟ್ಟಿಗೆ ಸುರುಳಿ ಸ್ಪ್ರಿಂಗು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಅಂಬಾಸಿಡರಿನಲ್ಲಿ 2464 ಮಿಲಿಮೀಟರ್, ಫಿಯಟ್ಟಿನಲ್ಲಿ 2340. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಸಿಗುತ್ತಿದ್ದ ಜಾಗದಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತಿತ್ತು. ಸರ್ಕಾರ ಅಂಬಾಸಿಡರನ್ನು ಆರಿಸಿಕೊಂಡಿತು, ಸ್ವಂತಕ್ಕೆ ಓಡಿಸುವವರು ಫಿಯಟ್ಟಿನತ್ತ ವಾಲಿದರು. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಸಾಲ ತೆಗೆದು ಕೊಂಡದ್ದೂ ಫಿಯಟ್ಟನ್ನೇ.

ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ಸರ್ಕಾರದ ಅನುಮತಿ ಬೇಕಿದ್ದ ಅಂದಿನ ಲೈಸೆನ್ಸ್ ವ್ಯವಸ್ಥೆಯಲ್ಲಿ ಬೇಡಿಕೆಗಿಂತ ತಯಾರಿಕೆ ಯಾವಾಗಲೂ ಕಡಿಮೆ. ಕಾರಿಗಾಗಿ ವರ್ಷಗಟ್ಟಲೆ ಕಾಯುವ ಗಿರಾಕಿಗಳಿದ್ದಾಗ ಸುಧಾರಣೆಯ ಒತ್ತಡವೇ ಇರಲಿಲ್ಲ. ಗ್ರಿಲ್ಲು, ದೀಪಗಳು ಬದಲಾದವು, ಒಳಗಿನ ಯಂತ್ರ ಬಹುತೇಕ ಹಾಗೇ ಉಳಿಯಿತು. 1983ರ ಕೊನೆಯಲ್ಲಿ 796 ಸಿಸಿಯ ಮಾರುತಿ 800 ಬಂದಾಗ ಇಬ್ಬರೂ ತಯಾರಕರ ಬಳಿ ತಕ್ಕ ಉತ್ತರವಿರಲಿಲ್ಲ. ಅಂಬಾಸಿಡರಿಗೆ 1990ರ ದಶಕದಲ್ಲಿ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್, ಐದು ಗೇರು ಬಂದವು. ಮಾರಿಸ್ ಕಾಲದ ಮೈಕಟ್ಟು ಹಾಗೇ ಮುಂದುವರಿಯಿತು. ಪದ್ಮಿನಿಯ ತಯಾರಿಕೆ ಶತಮಾನದ ತಿರುವಿನ ಹೊತ್ತಿಗೆ ಮುಗಿಯಿತು, ಅಂಬಾಸಿಡರಿನದು 2014ರ ಮೇ ತಿಂಗಳಲ್ಲಿ.