ಕಾಯುವ ಕಣ್ಣು

ನನ್ನ ಮೇಜಿನ ಮೇಲೆ ಎರಡು ವಸ್ತುಗಳಿವೆ. ಒಂದು, ಪ್ರತಿ ರಾತ್ರಿ ಕಣ್ಣಿಗೆ ಹಾಕಿಕೊಳ್ಳುವ ಔಷಧಿಯ ಪುಟ್ಟ ಸೀಸೆ. ಇನ್ನೊಂದು, ಸರ್ಕಾರಿ ಆಸ್ಪತ್ರೆಯ ಹಳೆಯ ಚೀಟಿ. ಅದರಲ್ಲಿ ತಪಾಸಣೆಯ ದಿನವನ್ನು ಎರಡು ಬಾರಿ ಹೊಡೆದುಹಾಕಿ ಮೂರನೆಯದನ್ನು ಬರೆದಿದೆ. ನನಗೆ ಗ್ಲಾಕೋಮಾ ಇದೆ. ಭಾಷೆಯನ್ನು ಕಲಿಸಿ ನಿವೃತ್ತನಾದವನಾದ್ದರಿಂದ, ರೋಗಕ್ಕಿಂತ ಮೊದಲು ಅದರ ಹೆಸರನ್ನು ವಿಚಾರಿಸಿದೆ.

ಗ್ರೀಕರ 'ಗ್ಲಾಕೋಸ್' ಕಡಲಿನ ನೀಲಿ-ಹಸುರು ಛಾಯೆಯನ್ನು ಹೇಳುವ ಮಾತು. ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಬಂದಿರುವ ವೈದ್ಯಸೂತ್ರಗಳು ವೃದ್ಧರ ವ್ಯಾಧಿಗಳನ್ನು ಎಣಿಸುವಾಗ ಇದರಿಂದ ಹುಟ್ಟಿದ ಪದವನ್ನು ಬಳಸುತ್ತವೆ. ಆದರೆ ಕಣ್ಣಿನ ಪೊರೆಗೂ ಇದಕ್ಕೂ ಇರುವ ಭೇದ ಅಂದು ಸ್ಪಷ್ಟವಿರಲಿಲ್ಲ. ನಮ್ಮ ಸುಶ್ರುತ ಸಂಹಿತೆ 'ಅಧಿಮಂಥ'ವೆಂಬ ನೇತ್ರರೋಗವನ್ನು ವರ್ಣಿಸುತ್ತದೆ: ಕಣ್ಣನ್ನೂ ಅರ್ಧ ತಲೆಯನ್ನೂ ಕಡೆಗೋಲಿನಿಂದ ಕಡೆದಂಥ ನೋವು. ಥಟ್ಟನೆ ಒತ್ತಡವೇರುವ ಗ್ಲಾಕೋಮಾಕ್ಕೆ ಇದನ್ನು ಹೋಲಿಸುವುದುಂಟು. ನನ್ನದು ಆ ಬಗೆಯದಲ್ಲ. ನೋವಿಲ್ಲ, ಕೆಂಪಿಲ್ಲ, ದೃಷ್ಟಿಯ ಅಂಚು ಸದ್ದಿಲ್ಲದೆ ಸವೆಯುತ್ತದೆ.

ಗ್ಲಾಸ್ಗೋದ ವಿಲಿಯಂ ಮೆಕೆಂಜಿ 1830ರಲ್ಲಿ ಈ ರೋಗದಲ್ಲಿ ಕಣ್ಣುಗುಡ್ಡೆ ಗಡುಸಾಗುವುದನ್ನು ಗುರುತಿಸಿದ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ರಚಿಸಿದ ಉಪಕರಣದಿಂದ ಜೀವಂತ ಕಣ್ಣಿನ ಒಳಗಿನ ದೃಷ್ಟಿನರವನ್ನು ನೋಡುವುದು ಸಾಧ್ಯವಾಯಿತು. 1857ರಲ್ಲಿ ಬರ್ಲಿನ್ನಿನ ಫಾನ್ ಗ್ರೇಫೆ ಇದಕ್ಕೊಂದು ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ. ನಮ್ಮ ನೆರೆಯ ಮದರಾಸಿಗೂ ಈ ಕಥೆಯಲ್ಲಿ ಸ್ಥಾನವಿದೆ. ಅಲ್ಲಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥನಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್, ಕಣ್ಣಿನ ಬಿಳಿಯ ಪದರದಲ್ಲಿ ಸಣ್ಣ ರಂಧ್ರ ಕೊರೆದು ಒಳಗಿನ ದ್ರವಕ್ಕೆ ದಾರಿ ಮಾಡುವ ವಿಧಾನವನ್ನು 1909ರಲ್ಲಿ ಮುಂದಿಟ್ಟ. ಅದು ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ಮುಂದೆ 1978ರಲ್ಲಿ ಅಮೆರಿಕದಲ್ಲಿ ಟಿಮೊಲಾಲ್, 1996ರಲ್ಲಿ ಲಟಾನೊಪ್ರಾಸ್ಟ್ ಎಂಬ ಹನಿಗಳು ಬಳಕೆಗೆ ಬಂದವು.

ಇಷ್ಟೆಲ್ಲ ವಿದ್ಯೆ ಒದಗಿದ ಮೇಲೂ ನನ್ನ ತಪಾಸಣೆ ಎಂಟು ತಿಂಗಳು ಮುಂದೆ ಹೋಯಿತು. ಕೊನೆಗೆ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿಯೊತ್ತುವ ಪರೀಕ್ಷೆಯಾಯಿತು. ಎಡಗಣ್ಣಿನಲ್ಲಿ ಮೂಗಿನ ಬದಿಯ ನೋಟ ಬಹಳಷ್ಟು ಅಳಿದಿತ್ತು. ಆ ಕೊರತೆಯನ್ನು ಬಲಗಣ್ಣು ತುಂಬಿಕೊಡುತ್ತಿದ್ದುದರಿಂದ ನನಗೇ ತಿಳಿದಿರಲಿಲ್ಲ. "ಹೋದದ್ದು ವಾಪಸ್ ಬರೋಲ್ಲ ಮೇಷ್ಟ್ರೇ, ಇರೋದನ್ನ ಉಳಿಸ್ಕೊಳ್ಳೋಣ" ಎಂದರು ಎಳೆಯ ವಯಸ್ಸಿನ ವೈದ್ಯೆ. ಆಕೆಯ ಮೇಲೆ ಮುನಿಸಿಕೊಳ್ಳಲಾರೆ. ಬಾಗಿಲ ಹೊರಗೆ ಬೆಂಚುಗಳು ಬೆಳಗಿನಿಂದಲೇ ತುಂಬಿದ್ದವು.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಇಂಗ್ಲೆಂಡಿನಲ್ಲಿ 2020ರಲ್ಲಿ ಹೊರಬಂದ ತನಿಖಾ ವರದಿಯೊಂದು, ತಪಾಸಣೆಯ ವಿಳಂಬದಿಂದ ತಿಂಗಳಿಗೆ ಸುಮಾರು 22 ಮಂದಿಯ ದೃಷ್ಟಿಗೆ ತೀವ್ರವಾದ ಅಥವಾ ಶಾಶ್ವತವಾದ ಹಾನಿಯಾಗುತ್ತಿದೆ ಎಂಬ ಅಂದಾಜನ್ನು ಎತ್ತಿಹೇಳಿತು. ನಮ್ಮಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಮೊದಲಾಯಿತು. ಪೊರೆಯ ಶಸ್ತ್ರಚಿಕಿತ್ಸೆಗೆ ಅದು ಹೆಚ್ಚಿನ ಒತ್ತು ಕೊಟ್ಟದ್ದು ನ್ಯಾಯವೇ. ಆದರೆ ಪೊರೆ ತೆಗೆದರೆ ನೋಟ ಮರಳುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ಗ್ಲಾಕೋಮಾದಲ್ಲಿ ಮರಳುವುದೇನೂ ಇಲ್ಲ, ಬದುಕಿರುವವರೆಗೆ ಕಾವಲಿರಬೇಕು. ಉಳಿದ ದೃಷ್ಟಿಯನ್ನು ಯಾವ ದಫ್ತರದಲ್ಲಿ ಎಣಿಸುತ್ತಾರೆ?

ಪ್ರಾಚೀನ ಗ್ರೀಸಿನ ಮುದುಕ ಕುರುಡಾದದ್ದು ತಿಳಿದವರಿಲ್ಲದೆ. ನಾವು ಕುರುಡಾದರೆ, ತಿಳಿದವರ ಬಾಗಿಲಲ್ಲಿ ಕಾಯುತ್ತ ಕುಳಿತು ಕುರುಡಾದೆವು ಎನ್ನಬೇಕಾಗುತ್ತದೆ. ಆದಕಾರಣ ಕೇಳುಗರಲ್ಲಿ ನನ್ನದೊಂದು ಅರಿಕೆ. ನಲವತ್ತು ದಾಟಿದವರು, ಅದರಲ್ಲೂ ಮನೆತನದಲ್ಲಿ ಈ ರೋಗವಿರುವವರು, ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷಿಸಿಕೊಳ್ಳಿ. ದಿನ ಮುಂದೆ ಹೋದರೆ ಸುಮ್ಮನಿರಬೇಡಿ. ಇದು ಗ್ಲಾಕೋಮಾ ಎಂದು ಹೇಳಿ ಮತ್ತೆ ಕೇಳಿ. ಸಂಕೋಚದಿಂದ ನಾನು ಕೇಳದೆ ಉಳಿದೆ.