ಪ್ರೆಸ್‌ಮಡ್ ಮತ್ತು ಹೊಲದ ಮಣ್ಣಿನಲ್ಲಿ ಅದರ ವಿಘಟನೆ

ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಬೆರೆಸಿ, ಗಂಧಕದ ಡೈಆಕ್ಸೈಡ್ ಹಾಯಿಸಿ, ತಿಳಿಗೊಳಿಸಿ ಸೋಸಿದಾಗ ಉಳಿಯುವ ಕಪ್ಪುಗಂದು ಬಣ್ಣದ ಸಾವಯವ ತ್ಯಾಜ್ಯವೇ ಪ್ರೆಸ್‌ಮಡ್. ಅರೆದ ಕಬ್ಬಿನ ತೂಕದಲ್ಲಿ ಇದರ ಪಾಲು ಸಾಮಾನ್ಯವಾಗಿ ಶೇ. 3ರಿಂದ 4. ನಾರು, ಉಳಿಕೆ ಸಕ್ಕರೆ, ಪ್ರೋಟೀನು, ಮೇಣ, ಸುಣ್ಣ ಮತ್ತು ರಂಜಕ ಇದರಲ್ಲಿವೆ. ಮಂಡ್ಯದಲ್ಲಿ 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯೂ ಅನಂತರ ಬಂದ ಪಾಂಡವಪುರದ ಸಹಕಾರಿ ಕಾರ್ಖಾನೆಯೂ ಇರುವ ಈ ಸೀಮೆಯಲ್ಲಿ, ಅಂದರೆ ವಿಶ್ವೇಶ್ವರಯ್ಯ ನಾಲೆಯ ಬಯಲು ಹಾಗೂ ತೊಣ್ಣೂರು ಕೆರೆಯ ಸುತ್ತಣ ಊರುಗಳಲ್ಲಿ, ಕಬ್ಬು ಬೆಳೆಗಾರರಿಗೆ ಇದು ಹೊಸ ವಸ್ತುವೇನಲ್ಲ.

ಕಾರ್ಖಾನೆಯಿಂದ ಹೊರಬಿದ್ದ ಹಸಿ ಪ್ರೆಸ್‌ಮಡ್ಡನ್ನು ಗೊಬ್ಬರವೆಂದು ಕರೆಯುವುದು ರೂಢಿಯಾದರೂ, ಅದು ಇನ್ನೂ ಗೊಬ್ಬರವಾಗಬೇಕಾದ ಕಚ್ಚಾ ಸಾಮಗ್ರಿ ಎನ್ನುವುದೇ ಸರಿ. ರಾಶಿ ಹಾಕಿದ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಗಳು ಸಕ್ಕರೆಯನ್ನೂ ಪ್ರೋಟೀನನ್ನೂ ತಿಂದು ಬೆಳೆಯುವುದರಿಂದ ರಾಶಿಯ ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಹಾಗೆ ಕುದಿಯುತ್ತಿರುವಾಗಲೇ ಸಾಲಿಗೆ ಸುರಿದರೆ ಎಳೆಯ ಬೇರು ಬೇಯುತ್ತದೆ. ಸಕ್ಕರೆ ತೀರಿದ ಮೇಲೆ ಶಿಲೀಂಧ್ರಗಳೂ ಆಕ್ಟಿನೊಮೈಸೀಟುಗಳೂ ಸೆಲ್ಯುಲೋಸಿಗೆ ಕೈಹಾಕುತ್ತವೆ. ಲಿಗ್ನಿನ್ನು ಮತ್ತು ಮೇಣ ಕೊನೆಗೆ, ಬಲು ನಿಧಾನವಾಗಿ ಕರಗುತ್ತವೆ. ನೀರನ್ನು ಹತ್ತಿರ ಸೇರಿಸದ ಮೇಣದ ಲೇಪವೇ ಈ ವಿಳಂಬಕ್ಕೆ ಒಂದು ಮುಖ್ಯ ಕಾರಣ.

ವಿಘಟನೆಯ ಲೆಕ್ಕ ನಿಂತಿರುವುದು ಇಂಗಾಲ ಮತ್ತು ಸಾರಜನಕಗಳ ಅನುಪಾತದ ಮೇಲೆ. ಒಂದು ಭಾಗ ಸಾರಜನಕಕ್ಕೆ ಇಂಗಾಲ ಸುಮಾರು 30 ಭಾಗ ಮೀರಿದಾಗ ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಿಕೊಳ್ಳಲು ಮಣ್ಣಿನ ಸಾರಜನಕವನ್ನೇ ಕಸಿದುಕೊಳ್ಳುತ್ತವೆ, ಪೈರು ತಾತ್ಕಾಲಿಕವಾಗಿ ಹಳದಿಗೆ ತಿರುಗುತ್ತದೆ. 20ಕ್ಕಿಂತ ಕೆಳಗಿಳಿದಾಗ ಸಾರಜನಕ ಅಮೋನಿಯಂ ಹಾಗೂ ನೈಟ್ರೇಟ್ ರೂಪದಲ್ಲಿ ಬಿಡುಗಡೆಯಾಗಿ ಬೇರಿಗೆ ದಕ್ಕುತ್ತದೆ. ಸಾವಯವ ಅಂಶ ಕಡಿಮೆಯಿರುವ ಈ ಭಾಗದ ಕೆಂಪು ಮರಳು ಮಿಶ್ರಿತ ಮಣ್ಣಿನಲ್ಲಿ ಗಾಳಿ ಚೆನ್ನಾಗಿ ಆಡುವುದರಿಂದ ವಿಘಟನೆ ಬೇಗ ಸಾಗುತ್ತದೆ, ಆದರೆ ಹ್ಯೂಮಸ್ ಉಳಿಯುವುದೂ ಅಷ್ಟೇ ಕಡಿಮೆ. ನೀರು ನಿಂತ ಭತ್ತದ ಗದ್ದೆಯ ಪರಿಸ್ಥಿತಿ ಬೇರೆ: ಅಲ್ಲಿ ಆಮ್ಲಜನಕ ಮುಗಿದೊಡನೆ ಸಾವಯವ ಆಮ್ಲಗಳು, ಮೀಥೇನ್, ಹೈಡ್ರೋಜನ್ ಸಲ್ಫೈಡ್ ಉಂಟಾಗಿ ನಾಟಿಯ ಬೇರಿಗೆ ಪೆಟ್ಟು ಬೀಳುತ್ತದೆ.

ಆದ್ದರಿಂದ ವಿಘಟನೆಯ ಬಹುಪಾಲು ಹೊಲದ ಹೊರಗೇ ಮುಗಿಯುವುದು ಲೇಸು. ಡಿಸ್ಟಿಲರಿಯುಳ್ಳ ಕಾರ್ಖಾನೆಗಳು ಪ್ರೆಸ್‌ಮಡ್ಡನ್ನು ಉದ್ದನೆಯ ಸಾಲುರಾಶಿಗಳಾಗಿ ಹಾಕಿ, ಮೇಲೆ ಸ್ಪೆಂಟ್‌ವಾಶ್ ಎಂಬ ಉಳಿಕೆ ದ್ರವವನ್ನು ಚಿಮುಕಿಸಿ, ಯಂತ್ರದಿಂದ ಆಗಾಗ ತಿರುವಿ ಹಾಕಿ ಕಾಂಪೋಸ್ಟ್ ಮಾಡುತ್ತವೆ. ಪೊಟ್ಯಾಷ್ ಹೇರಳವಾಗಿರುವ ಈ ದ್ರವದಲ್ಲಿ ಕರಗಿದ ಲವಣಗಳೂ ಹೆಚ್ಚು. ಸಾವಯವ ಭಾಗ ಕೊಳೆತು ಹೋದರೂ ಲವಣ ಕೊಳೆಯುವುದಿಲ್ಲವಾಗಿ, ಬಸಿಗಾಲುವೆಯಿಲ್ಲದ ತಗ್ಗು ಜಮೀನಿಗೆ ಇಂಥ ಕಾಂಪೋಸ್ಟನ್ನು ವರ್ಷವರ್ಷವೂ ಹಾಕುವ ಮೊದಲು ಮಣ್ಣಿನ ವಿದ್ಯುತ್ ವಾಹಕತೆಯನ್ನು, ಎಂದರೆ ಲವಣಾಂಶದ ಅಳತೆಯನ್ನು, ಪರೀಕ್ಷಿಸಬೇಕಾಗುತ್ತದೆ.