ಇಚ್ಛೆ ಬೇರೆ, ಸುಖ ಬೇರೆ

ಮಾನವನನ್ನು ಕಾರ್ಯಕ್ಕೆ ಪ್ರೇರಿಸುವುದು ಸುಖವೋ, ಸುಖದ ಇಚ್ಛೆಯೋ? ಈ ಪ್ರಶ್ನೆಯ ಆಧುನಿಕ ಇತಿಹಾಸವು ಒಂದು ತಪ್ಪು ಹೆಸರಿನಿಂದ ಆರಂಭವಾಗುತ್ತದೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮೆದುಳಿನಲ್ಲಿ ಸೂಕ್ಷ್ಮ ತಂತಿಯನ್ನಿರಿಸಿ, ಸನ್ನೆಕೋಲನ್ನು ಒತ್ತಿದಾಗಲೆಲ್ಲ ಅಲ್ಪ ವಿದ್ಯುತ್ತು ಹರಿಯುವಂತೆ ಮಾಡಿದರು. ಆ ಫಲಿತಾಂಶವು 1954ರಲ್ಲಿ ಪ್ರಕಟವಾಯಿತು. ಮುಂದಿನ ಪ್ರಯೋಗಗಳಲ್ಲಿ ಕೆಲವು ಇಲಿಗಳು ಗಂಟೆಗೆ ಸಾವಿರಾರು ಬಾರಿ ಅದನ್ನು ಒತ್ತಿದವು. ಓಲ್ಡ್ಸ್ ಆ ಸ್ಥಾನಗಳನ್ನು ಸುಖಕೇಂದ್ರಗಳೆಂದು ಕರೆದರು.

ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಅದು ಭಾರತೀಯ ವೈದ್ಯರು ಬಹುಕಾಲದಿಂದ ಬಲ್ಲ ಸರ್ಪಗಂಧದ ಸಾರ. ಮೊಲಗಳು ನಿಶ್ಚೇಷ್ಟಿತವಾದವು, ಎಲ್-ಡೋಪಾ ಕೊಟ್ಟಾಗ ಮತ್ತೆ ಚಲಿಸಿದವು. ಡೋಪಮೈನ್ ಎಂಬ ರಾಸಾಯನಿಕದ ಮಹತ್ವವನ್ನು ಕಂಡ ಈ ಕಾರ್ಯಕ್ಕೆ 2000ದಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಕಾಲಕ್ರಮೇಣ ಅದನ್ನೇ ಸುಖದ ರಸವೆಂದು ಬಗೆಯಲಾಯಿತು. ಈ ಜ್ಞಾನದ ಹಿಂದೆ ಮೂಕಜೀವಿಗಳ ನೋವಿದೆ ಎಂಬುದನ್ನು ಅಹಿಂಸಾವ್ರತಿಗಳು ಮರೆಯಲಾಗದು.

1989ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಕೆಂಟ್ ಬೆರಿಡ್ಜ್ ಮತ್ತು ಸಹೋದ್ಯೋಗಿಗಳು ಆ ನಂಬಿಕೆಯನ್ನು ಅಲುಗಾಡಿಸಿದರು. ಡೋಪಮೈನ್ ಬಹುತೇಕ ನಷ್ಟವಾದ ಇಲಿಗಳು ತಾವಾಗಿ ಆಹಾರವನ್ನು ಅರಸುತ್ತಿರಲಿಲ್ಲ. ಆದರೆ ಬಾಯಿಗೆ ಸಿಹಿನೀರು ಬಿದ್ದರೆ ಮೊದಲಿನಂತೆಯೇ ತುಟಿ ಸವರುತ್ತಿದ್ದವು. ರುಚಿ ಉಳಿದಿತ್ತು, ಅಪೇಕ್ಷೆ ಅಳಿದಿತ್ತು. ವ್ಯಸನಿಯಲ್ಲಿ ಇದು ತಿರುವುಮುರುವಾಗುತ್ತದೆಂದು ಬೆರಿಡ್ಜ್ ಮತ್ತು ಟೆರಿ ರಾಬಿನ್‌ಸನ್ 1993ರಲ್ಲಿ ವಾದಿಸಿದರು: ಸುಖ ಹೆಚ್ಚದಿದ್ದರೂ ಬಯಕೆ ಬೆಳೆಯುತ್ತಲೇ ಹೋಗುತ್ತದೆ.

ಪರಿಗ್ರಹವನ್ನು ವಸ್ತುವಿನಲ್ಲಲ್ಲ, ಮೂರ್ಛೆಯಲ್ಲಿ ಗುರುತಿಸಿದ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವನ್ನು ಬಲ್ಲ ಶ್ರಾವಕರಿಗೆ ಈ ಭೇದವು ಅಪರಿಚಿತವೆನಿಸದು. ಹಾಗೆಂದು ಡೋಪಮೈನೇ ಕರ್ಮಪುದ್ಗಲವೆಂದು ಸಾರುವುದು ಅವಸರದ ಮಾತು. ಒಂದು ಅತಿಸೂಕ್ಷ್ಮ, ಇಂದ್ರಿಯಾತೀತ. ಇನ್ನೊಂದು ಸೀಸೆಯಲ್ಲಿ ಅಳೆದಿಡಬಹುದಾದ ದ್ರವ್ಯ.

ಆದರೂ ಧರ್ಮವಿಚಾರಕ್ಕೆ ಒಂದು ಕಠಿಣ ಪ್ರಸಂಗವಿದೆ. ಪಾರ್ಕಿನ್‌ಸನ್ ರೋಗಕ್ಕಾಗಿ ಡೋಪಮೈನಿನಂತೆ ವರ್ತಿಸುವ ಔಷಧಗಳನ್ನು ಸೇವಿಸುವವರಲ್ಲಿ ಕೆಲವರು, ಎಂದೂ ಪಣವೊಡ್ಡದವರು ಸಹ, ಜೂಜಿಗೆ ಬಿದ್ದುದನ್ನು 2000ದ ನಂತರ ವೈದ್ಯರು ದಾಖಲಿಸಿದರು. ದ್ಯೂತವು ಸಪ್ತವ್ಯಸನಗಳಲ್ಲಿ ಒಂದು. ಅಂತಹ ಹಿರಿಯನೊಬ್ಬನು ಮನೆಯ ಹಣವನ್ನು ಕಳೆದಾಗ, ಪ್ರಾಯಶ್ಚಿತ್ತದ ಮಾತಿಗಿಂತ ಮೊದಲು ಅವನ ಔಷಧದ ಚೀಟಿಯನ್ನು ವೈದ್ಯರಿಗೆ ತೋರಿಸುವುದು ನ್ಯಾಯ. ವೈದ್ಯರು ಆ ಔಷಧವನ್ನು ತಗ್ಗಿಸಿದಾಗ ಅಥವಾ ಬದಲಿಸಿದಾಗ ಅನೇಕರಲ್ಲಿ ಜೂಜಿನ ಹಂಬಲವು ಇಳಿದುಹೋಯಿತು.